ಹಳೆಯ ಫ್ರಿಜ್ಜಿನ ಕಂಪ್ರೆಸ್ಸರ್ ಬಿಚ್ಚಿಸಬೇಡಿ, ಇಡಿಯಾಗಿಯೇ ಕೊಡಿ

ಕೆಟ್ಟುಹೋದ ಫ್ರಿಜ್ಜಿನ ಕಂಪ್ರೆಸ್ಸರನ್ನು ಒಬ್ಬರಿಗೆ, ಡಬ್ಬಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ಹೆಚ್ಚು ಹಣ ಬರುತ್ತದೆಯೇ, ಅದರಲ್ಲಿ ಕಾನೂನಿನ ತೊಡಕೇನಾದರೂ ಇದೆಯೇ ಎಂದು ನೀವು ವಿಜಯಪುರದಿಂದ ಕೇಳಿದ್ದೀರಿ. 2023ರ ಏಪ್ರಿಲ್ ತಿಂಗಳಲ್ಲಿ ಬಾಗಲಕೋಟೆಯ ನವನಗರದ ನಮ್ಮ ಮನೆಯ ಅಂಗಳದಲ್ಲಿ ನಿಂತು ನಾನೂ ಇದೇ ಲೆಕ್ಕ ಹಾಕಿದ್ದೆ.

ನಮ್ಮದು 165 ಲೀಟರಿನ, ಒಂದೇ ಬಾಗಿಲಿನ ಹಸಿರು ಫ್ರಿಜ್. 1997ರಲ್ಲಿ ತಂದೆಯವರು ಹಳೆ ಬಾಗಲಕೋಟೆಯಲ್ಲಿ ಕೊಂಡದ್ದು. ಆಲಮಟ್ಟಿಯ ಹಿನ್ನೀರಿನಿಂದಾಗಿ ಮನೆ ಬಿಟ್ಟು ನವನಗರಕ್ಕೆ ಬಂದಾಗ ಟ್ರ್ಯಾಕ್ಟರಿನಲ್ಲಿ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆ ಹಾಸಿಗೆಯ ಸುರುಳಿ ಒತ್ತರಿಸಿ ತಂದ ಸಾಮಾನು ಅದು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಗ್ಯಾಸ್ ತುಂಬಿಸಿರಲಿಲ್ಲ. ಆ ಬೇಸಿಗೆಯಲ್ಲಿ ಕಂಪ್ರೆಸ್ಸರ್ ಜಾಮ್ ಆಯಿತು. ಮೆಕ್ಯಾನಿಕ್ ನೋಡಿ, ರಿಪೇರಿಗೆ ಹಣ ಹಾಕುವುದು ವ್ಯರ್ಥ ಎಂದ.

ಹೊಸ ಫ್ರಿಜ್ ಕೊಳ್ಳಲು ಹೋದ ಅಂಗಡಿಯಲ್ಲಿ ಹಳೆಯದನ್ನು ಕೊಟ್ಟರೆ 1,500 ರೂಪಾಯಿ ಕಡಿಮೆ ಮಾಡುವುದಾಗಿ ಹೇಳಿದರು. ಮರುದಿನ ಬೆಳಿಗ್ಗೆ ನಮ್ಮ ಸೆಕ್ಟರಿಗೆ ತಳ್ಳುಗಾಡಿ ತರುವ ಭಂಗಾರದವನು, ಅಂದರೆ ಗುಜರಿ ಸಾಮಾನು ಕೊಳ್ಳುವವನು, ಕಂಪ್ರೆಸ್ಸರಿಗೂ ಹಿಂದಿನ ತಾಮ್ರದ ಕೊಳವೆಗೂ ಸೇರಿ 1,100 ಕೊಡುತ್ತೇನೆಂದ. ಡಬ್ಬಿ ತನಗೆ ಬೇಡ ಎಂದೂ ಅವನೇ ಹೇಳಿದ. ಅಂಗಡಿಯವರಿಗೆ ಬೇಕಾಗಿರುವುದು ಹಳೆಯ ಫ್ರಿಜ್ ಎಂಬ ಹೆಸರು ಮಾತ್ರ, ಅದರ ಹಿಂದೆ ಬಗ್ಗಿ ಯಾರು ನೋಡುತ್ತಾರೆ ಎಂದುಕೊಂಡೆ. 1,100 ಮತ್ತು 1,500 ಕೂಡಿದರೆ 2,600 ಆಗುತ್ತದೆ ಎಂಬುದಷ್ಟೇ ಆ ಹೊತ್ತಿನ ನನ್ನ ವಿಚಾರವಾಗಿತ್ತು.

“ಎರಡು ನಿಮಿಷದ ಕೆಲಸ ಐತ್ರಿ” ಎನ್ನುತ್ತ ಅವನು ಫ್ರಿಜ್ಜನ್ನು ತುಳಸಿಕಟ್ಟೆಯ ಪಕ್ಕಕ್ಕೆ ಎಳೆದು, ಇಕ್ಕಳದಿಂದ ಬೆರಳಿಗಿಂತ ಸಣ್ಣದಾದ ಕೊಳವೆಯೊಂದನ್ನು ಒತ್ತಿ ಮುರಿದ. ಸುಯ್ಯೆಂಬ ಸದ್ದು ಆರಂಭವಾಗಿ, ನಾನು ಎಣಿಸಿದ್ದಕ್ಕಿಂತ ಬಹಳ ಹೊತ್ತು ಉಳಿಯಿತು. ಬಣ್ಣವಿಲ್ಲ, ಹೇಳಿಕೊಳ್ಳುವಂಥ ವಾಸನೆಯೂ ಇಲ್ಲ. ಮುರಿದ ತುದಿಯ ಮೇಲೆ ಮಾತ್ರ, ಆ ಉರಿಬಿಸಿಲಿನಲ್ಲಿ, ಬಿಳಿಯ ಹಿಮ ಉಂಗುರದಂತೆ ಕಟ್ಟಿತು. ಹಿಂದೆಯೇ ಎಣ್ಣೆ ಬಂತು. ಅದು ಶಹಾಬಾದ ಫರಸಿಯ ಸಂದಿನಲ್ಲಿ ಹರಿದು ತುಳಸಿಯ ಬುಡದವರೆಗೂ ಹೋಯಿತು. “ಗ್ಯಾಸ್ ಹೋದರ ಹಗರ ಆಕ್ಕೈತ್ರಿ” ಎಂದು ಅವನು ಸಮಾಧಾನ ಹೇಳಿದ. ಫರಸಿಯ ಆ ಕಲೆ ಇಂದಿಗೂ ಹೋಗಿಲ್ಲ.

ಮೂರನೆಯ ದಿನ ಹೊಸ ಫ್ರಿಜ್ ತಂದ ಅಂಗಡಿಯ ಹುಡುಗರು ಮೊದಲು ಮಾಡಿದ ಕೆಲಸವೆಂದರೆ ಹಳೆಯದರ ಹಿಂದೆ ಬಗ್ಗಿ ನೋಡಿದ್ದು. ಕಂಪ್ರೆಸ್ಸರ್ ಇಲ್ಲದ್ದನ್ನು ಒಯ್ಯುವಂತಿಲ್ಲ ಎಂದು ಹೇಳಿ, 1,500 ರೂಪಾಯಿಯನ್ನು ಬಿಲ್ಲಿಗೆ ಮರಳಿ ಸೇರಿಸಿ, ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಹೋದರು.

ನನ್ನ ತಪ್ಪು ಯಾವುದು ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಈ ಕಥೆ ಕೇಳಿದವರೆಲ್ಲ ನನಗೆ ಮೋಸವಾಯಿತು ಎನ್ನುತ್ತಾರೆ. ಯಾರೂ ಮೋಸ ಮಾಡಲಿಲ್ಲ. ಭಂಗಾರದವನು ಹೇಳಿದಷ್ಟು ಹಣವನ್ನು ಕೈಗೆ ಕೊಟ್ಟ. ಹಳೆಯ ವಸ್ತು ಎಲ್ಲ ಭಾಗಗಳೊಂದಿಗೆ ಇರಬೇಕು ಎಂದು ಅಂಗಡಿಯ ಚೀಟಿಯ ಕೆಳಗೆ ಅಚ್ಚಾಗಿಯೇ ಇತ್ತು. ಚೌಕಾಸಿ ಮಾಡದಿದ್ದುದೂ ತಪ್ಪಲ್ಲ. ಫ್ರಿಜ್ ಎಂಬುದನ್ನು ಬೆಲೆಯುಳ್ಳ ಒಂದು ಭಾಗ ಮತ್ತು ಬೆಲೆಯಿಲ್ಲದ ಒಂದು ಭಾಗ ಎಂದು ಎರಡಾಗಿ ನೋಡಿದ್ದು ನನ್ನ ತಪ್ಪು. ಹಳೆಯ ಮಿಕ್ಸರಿನ ಮೋಟಾರನ್ನು ಬಿಚ್ಚಿ ಮಾರಿದರೆ ಉಳಿದ ಜಾರಿಗೆ ಏನೂ ಆಗುವುದಿಲ್ಲ. ಫ್ರಿಜ್ ಹಾಗಲ್ಲ. ಕಂಪ್ರೆಸ್ಸರ್, ಹಿಂದಿನ ಜಾಲರಿ, ಕೂದಲೆಳೆಯಂಥ ಕ್ಯಾಪಿಲರಿ ಕೊಳವೆ, ಫ್ರೀಜರಿನ ಸುತ್ತಲಿನ ಸುರುಳಿ, ಇವೆಲ್ಲ ಬೆಸುಗೆ ಹಾಕಿದ ಒಂದೇ ಮುಚ್ಚಿದ ದಾರಿ. ಎಲ್ಲಿ ಕತ್ತರಿಸಿದರೂ ಇಡೀ ದಾರಿ ಬರಿದಾಗುತ್ತದೆ. ಕಂಪ್ರೆಸ್ಸರ್ ಕೆಟ್ಟಿತ್ತು, ಆದರೆ ಗ್ಯಾಸ್ ಕೆಟ್ಟಿರಲಿಲ್ಲ. ಅದು ಇಪ್ಪತ್ತಾರು ವರ್ಷ ಒಳಗೆ ಯಾರಿಗೂ ತೊಂದರೆ ಕೊಡದೆ ಇತ್ತು, ಹೊರಗೆ ಬಿಡಿಸಿದವನು ನಾನು. ಮತ್ತು ಬೆಲೆಯುಳ್ಳ ಭಾಗವನ್ನು ತೆಗೆದ ಆ ಗಳಿಗೆಯಲ್ಲಿಯೇ ಉಳಿದದ್ದನ್ನು ಒಯ್ಯುವುದಕ್ಕೆ ಯಾರಿಗೂ ಕಾರಣವಿಲ್ಲದಂತೆ ಮಾಡಿದವನೂ ನಾನೇ. ಕಂಪ್ರೆಸ್ಸರಿನ ಆಸೆಗಾದರೂ ಇಡೀ ಫ್ರಿಜ್ಜನ್ನು ಹೊತ್ತೊಯ್ಯುವವರಿರುತ್ತಾರೆ. ಅದು ಇಲ್ಲದ ಡಬ್ಬಿಯೆಂದರೆ ತೆಳುವಾದ ತಗಡು, ಸೀಳಿದ ಪ್ಲಾಸ್ಟಿಕ್, ಇವೆರಡರ ನಡುವೆ ಬಿಡದಂತೆ ಅಂಟಿಕೊಂಡ ಫೋಮ್.

ಹೊರಟುಹೋದ ಗ್ಯಾಸ್ ಎಂಥದ್ದು ಎಂಬುದು ಆಮೇಲೆ ತಿಳಿಯಿತು. ಡಬ್ಬಿಯ ಹಿಂಬದಿಯ ಸಣ್ಣ ಫಲಕವನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಆರ್-12 ಎಂಬ ಅಕ್ಷರ ಕಂಡಿತು. ಅದು ಸಿಎಫ್‌ಸಿ, ಅಂದರೆ ಕ್ಲೋರೋಫ್ಲೋರೋಕಾರ್ಬನ್ ಜಾತಿಯದು. ಅದರಲ್ಲಿರುವ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ ಎಂಬ ಕಾರಣಕ್ಕೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಅದರಲ್ಲಿ ಸೇರಿತು, 2003ರಿಂದ ನಮ್ಮ ದೇಶದಲ್ಲಿ ಹೊಸ ಫ್ರಿಜ್ಜುಗಳ ತಯಾರಿಕೆಯಲ್ಲಿ ಅದನ್ನು ಬಳಸುವಂತಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 10,000 ಪಟ್ಟು ಬಲವಾದದ್ದು. ಅಂದರೆ ಒಂದು ಮನೆಯ ಫ್ರಿಜ್ಜಿನಲ್ಲಿರುವ ನೂರು ಗ್ರಾಂ ಗ್ಯಾಸು ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಆ ಕಾಲದ ಫ್ರಿಜ್ಜುಗಳ ಫೋಮನ್ನು ಉಬ್ಬಿಸಲೂ ಸಿಎಫ್‌ಸಿಯನ್ನೇ ಬಳಸುತ್ತಿದ್ದರು, ಮತ್ತು ಕೊಳವೆಯಲ್ಲಿರುವುದಕ್ಕಿಂತ ಹೆಚ್ಚಿನ ಪಾಲು ಆ ಫೋಮಿನಲ್ಲಿಯೇ ಇರುತ್ತದೆ. ಆದ್ದರಿಂದ ಬೆಲೆಯಿಲ್ಲವೆಂದು ನಾನು ತಿಳಿದಿದ್ದ ಆ ಡಬ್ಬಿಯೇ ಹೆಚ್ಚು ಎಚ್ಚರಿಕೆಯಿಂದ ಕೈಬದಲಾಗಬೇಕಾದ ವಸ್ತುವಾಗಿತ್ತು.

ಡಬ್ಬಿ ಏಳು ತಿಂಗಳು ಹಿತ್ತಲಿನಲ್ಲಿ ಬಿತ್ತು. ಹೊಲಕ್ಕೆ ಒಯ್ದು ಸುಟ್ಟುಬಿಡಿ ಎಂದು ಒಬ್ಬ ಸಂಬಂಧಿಕರು ಸಲಹೆ ಕೊಟ್ಟರು. ಆ ಫೋಮ್ ಉರಿದರೆ ಬರುವ ಹೊಗೆಯಲ್ಲಿ ಸಯನೈಡಿನ ಅನಿಲವೂ ಇರುತ್ತದೆ ಎಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಏಕೋ ಮನಸ್ಸು ಒಪ್ಪಲಿಲ್ಲವೆಂದು ಸುಮ್ಮನಿದ್ದೆ.

ದೀಪಾವಳಿಯ ರಜೆಯಲ್ಲಿ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದಾಗ ಫ್ರಿಜ್ಜಿನ ಬಾಗಿಲು ಅರ್ಧ ಮುಚ್ಚಿತ್ತು, ಕೆಳಗಿನಿಂದ ಒಂದು ಸಣ್ಣ ಚಪ್ಪಲಿ ಹೊರಗೆ ಚಾಚಿತ್ತು. ಪಕ್ಕದ ಮನೆಯ ಆರು ವರ್ಷದ ಹುಡುಗ ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು ಒಳಗೆ ಕುಳಿತಿದ್ದ. ನನ್ನನ್ನು ನೋಡಿ, ಬಾಯಿಯ ಮೇಲೆ ಬೆರಳಿಟ್ಟು, “ಶ್… ಹೇಳಬ್ಯಾಡ್ರಿ, ಹುಡುಕಾಕತ್ತಾರ” ಎಂದ. ಆ ಚಪ್ಪಲಿ ಒಳಗಿದ್ದಿದ್ದರೆ ಬಾಗಿಲು ಪೂರ್ತಿ ಮುಚ್ಚುತ್ತಿತ್ತು. ಬಾಗಿಲಿನ ರಬ್ಬರಿನಲ್ಲಿರುವ ಆಯಸ್ಕಾಂತ ಹಳೆಯದಾದರೂ ಗಟ್ಟಿಯಾಗಿ ಹಿಡಿಯುತ್ತದೆ, ಒಳಗಿನಿಂದ ಹಿಡಿಯುವುದಕ್ಕೆ ಏನೂ ಇರುವುದಿಲ್ಲ, ಗಾಳಿ ಹೋಗದಂತೆ ಮುಚ್ಚುವುದಕ್ಕೆಂದೇ ಆ ಬಾಗಿಲನ್ನು ಮಾಡಿರುತ್ತಾರೆ. ಅವನನ್ನು ಎತ್ತಿ ಹೊರಗೆ ನಿಲ್ಲಿಸಿ, ಅಲ್ಲಿಯೇ ಕುಳಿತು ಸ್ಕ್ರೂಡ್ರೈವರಿನಿಂದ ಬಾಗಿಲಿನ ತಿರುಗಣಿಗಳನ್ನು ಬಿಚ್ಚಿದೆ. ಎರಡು ಬೋಲ್ಟು ಮೇಲೆ, ಎರಡು ಕೆಳಗೆ. ಹತ್ತು ನಿಮಿಷದ ಕೆಲಸವನ್ನು ಏಳು ತಿಂಗಳು ಮಾಡಿರಲಿಲ್ಲ.

ಮರುದಿನವೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಹೋದೆ. ನೋಂದಾಯಿತ ಮರುಬಳಕೆ ಘಟಕಗಳ ಪಟ್ಟಿ ಸಿಕ್ಕಿತು. ಅವು ಹೆಚ್ಚಾಗಿ ಬೆಂಗಳೂರಿನ ಸುತ್ತಮುತ್ತ ಇರುವುದರಿಂದ ಒಂದು ಡಬ್ಬಿಗಾಗಿ ಗಾಡಿ ಕಳುಹಿಸಲು ಯಾರೂ ಒಪ್ಪಲಿಲ್ಲ. ಕೊನೆಗೆ ಒಂದು ಘಟಕದ ಲಾರಿ ಹಳೆಯ ಕಂಪ್ಯೂಟರುಗಳನ್ನು ಒಯ್ಯಲು ಹುಬ್ಬಳ್ಳಿಗೆ ಬರುವ ದಿನ ಗೊತ್ತುಮಾಡಿಕೊಂಡು, ಟೆಂಪೋಕ್ಕೆ 2,200 ರೂಪಾಯಿ ಕೊಟ್ಟು ಅಲ್ಲಿಗೆ ತಲುಪಿಸಿದೆ. ಭಂಗಾರದವನಿಂದ ಪಡೆದದ್ದು 1,100. ಅಂಗಡಿಯಲ್ಲಿ ಕಳೆದುಕೊಂಡದ್ದು 1,500. ಮೇಲೆ ಈ 2,200.

ಈಗ ನಿಮ್ಮ ವಿಷಯ. ಯಾರಿಗೆ ಕೊಟ್ಟರೆ ಹೆಚ್ಚು ಹಣ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ ಎಂದೇ ನಾನು ಹೇಳುತ್ತೇನೆ. ಇಡಿಯಾಗಿ ಯಾರು ಒಯ್ಯುತ್ತಾರೆ, ಒಯ್ದದ್ದಕ್ಕೆ ರಸೀದಿ ಯಾರು ಕೊಡುತ್ತಾರೆ, ಇವೆರಡನ್ನೇ ಕೇಳಿ. ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ಫ್ರಿಜ್ ಅವುಗಳ ಪಟ್ಟಿಯಲ್ಲಿದೆ. ಬಳಸಿ ಬಿಟ್ಟ ವಸ್ತುವಿನ ಮರುಬಳಕೆಯ ಹೊಣೆಯನ್ನು ಆ ನಿಯಮಗಳು ತಯಾರಕ ಕಂಪನಿಗಳ ಮೇಲೆ ಹೊರಿಸುತ್ತವೆ. ಮರುಬಳಕೆಯ ಕೆಲಸ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡಿರಲೇಬೇಕು. ನೋಂದಣಿಯಿಲ್ಲದೆ ಅಂಗಳದಲ್ಲಿ ಬಿಚ್ಚಿ ಕತ್ತರಿಸುವ ದಂಧೆಗೆ ಅಲ್ಲಿ ಜಾಗವಿಲ್ಲ. ಭಂಗಾರದವರನ್ನು ನಾನು ದೂರುವುದಿಲ್ಲ, ಅವರು ಹೊಟ್ಟೆಪಾಡಿಗೆ ದುಡಿಯುವವರು, ಆ ಗ್ಯಾಸನ್ನು ಮೊದಲು ಉಸಿರಾಡುವವರೂ ಅವರೇ. ಅವರ ಕೈಗೆ ಇಕ್ಕಳ ಕೊಟ್ಟು ನಿಲ್ಲುವ ನಮ್ಮಂಥ ಮನೆಯವರನ್ನು ದೂರುತ್ತೇನೆ.

ಮೊದಲು ನಿಮ್ಮ ಫ್ರಿಜ್ಜಿನ ಕಂಪನಿಯ ಗ್ರಾಹಕ ಸಂಖ್ಯೆಗೆ ಕರೆ ಮಾಡಿ, ಹಳೆಯದನ್ನು ಮರಳಿ ಪಡೆಯುವ ವ್ಯವಸ್ಥೆ ವಿಜಯಪುರದಲ್ಲಿ ಹೇಗಿದೆ ಎಂದು ಕೇಳಿ. ಹೊಸದು ಕೊಳ್ಳುವುದಿದ್ದರೆ ವಿನಿಮಯದಲ್ಲಿಯೇ ಕೊಡಿ, ಆದರೆ ಹಳೆಯದು ಯಾವ ನೋಂದಾಯಿತ ಘಟಕಕ್ಕೆ ಹೋಗುತ್ತದೆ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆಯಲು ಹಿಂದೇಟು ಹಾಕುವ ಅಂಗಡಿಯಾದರೆ ಇನ್ನೊಂದು ಅಂಗಡಿ ನೋಡುವುದೇ ಲೇಸು. ಎರಡೂ ಆಗದಿದ್ದರೆ ಮಹಾನಗರ ಪಾಲಿಕೆಗೆ ಲಿಖಿತ ಅರ್ಜಿ ಕೊಡಿ. ಹೊಣೆ ಹೊರುವ ತಯಾರಕರಿಲ್ಲದ ಇ-ತ್ಯಾಜ್ಯವನ್ನು ಸಂಗ್ರಹಿಸಿ ನೋಂದಾಯಿತರಿಗೆ ಒಪ್ಪಿಸುವ ಕರ್ತವ್ಯ ಸ್ಥಳೀಯ ಸಂಸ್ಥೆಗಳದ್ದು. ಸರಿಯಾದ ಘಟಕದಲ್ಲಿ ಗ್ಯಾಸನ್ನು ಯಂತ್ರದಿಂದ ಹೀರಿ ಸಿಲಿಂಡರಿಗೆ ತುಂಬುತ್ತಾರೆ, ಎಣ್ಣೆಯನ್ನು ಬೇರೆ ಬಸಿಯುತ್ತಾರೆ, ಆಮೇಲೆಯೇ ಡಬ್ಬಿಗೆ ಕೈಹಾಕುತ್ತಾರೆ.

ಹಿಂಬದಿಯ ಫಲಕವನ್ನು ಇವತ್ತೇ ಓದಿ. ಆರ್-134ಎ ಎಂದಿದ್ದರೆ ಓಝೋನಿಗೆ ಹಾನಿಯಿಲ್ಲ, ಆದರೂ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 1,300 ಪಟ್ಟಿಗೂ ಹೆಚ್ಚು. ಆರ್-600ಎ ಎಂದಿದ್ದರೆ ಅದು ಐಸೊಬ್ಯುಟೇನ್, ಅಡುಗೆ ಗ್ಯಾಸಿನ ಜಾತಿಯದು, ಉರಿಯುತ್ತದೆ. ಅಂಥ ಕೊಳವೆಯ ಹತ್ತಿರ ಗ್ಯಾಸ್ ಕಟರ್ ತರುವುದಂತೂ ಇರಲಿ, ಬೀಡಿಯ ಕಿಡಿಯೂ ಬೇಡ. ಒಯ್ಯುವ ಹಿಂದಿನ ದಿನ ಪ್ಲಗ್ ತೆಗೆದು ಮಂಜುಗಡ್ಡೆ ತಾನಾಗಿ ಕರಗಲು ಬಿಡಿ. ಚಾಕುವಿನಿಂದ ಕೆರೆದರೆ ಫ್ರೀಜರಿನ ಸುರುಳಿ ತೂತಾಗಿ, ಯಾರೂ ಕತ್ತರಿಸದೆಯೇ ಗ್ಯಾಸ್ ಹೋದೀತು. ಸಾಗಿಸುವಾಗ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿಯಿರಿ.

ಬಡವರಿಗೆ ದಾನ ಕೊಡಬಹುದಲ್ಲ ಎಂದು ನೀವು ಕೊನೆಯಲ್ಲಿ ಕೇಳಿದ್ದೀರಿ. ಕೆಟ್ಟದ್ದನ್ನು ರಿಪೇರಿ ಮಾಡಿಸಿ ಕೊಟ್ಟರೂ ಅದು ದಾನವಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಫ್ರಿಜ್ ಹೊಸದಕ್ಕಿಂತ ಹೆಚ್ಚು ವಿದ್ಯುತ್ ತಿನ್ನುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತವೆಂದರೂ, ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇಕಡಾ 10, ಆ ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದರೆ 10 ಯೂನಿಟ್ ಮಾತ್ರ ಹೆಚ್ಚಿಗೆ ಸಿಗುತ್ತದೆ. ಮೊದಲು ಫ್ರಿಜ್ಜೇ ಇಲ್ಲದ ಮನೆಗೆ ನಿಮ್ಮ ಫ್ರಿಜ್ ಹೋದರೆ ಆ ಮಿತಿ ಮೀರಿದ ಬಿಲ್ಲು ಪ್ರತಿ ತಿಂಗಳೂ ಅವರ ಬಾಗಿಲಿಗೆ ಬರುತ್ತದೆ.

ಗಾಡಿ ಬರುವುದು ವಾರ ತಡವಾದರೆ ಬಾಗಿಲನ್ನು ಈಗಲೇ ಬಿಚ್ಚಿ ಪಕ್ಕಕ್ಕಿಡಿ. ಒಯ್ಯುವವರಿಗೆ ಅದನ್ನೂ ಬೋಲ್ಟುಗಳನ್ನೂ ಒಟ್ಟಿಗೇ ಕೊಡಿ, ಇಲ್ಲದಿದ್ದರೆ ಭಾಗ ಕಡಿಮೆಯಿದೆ ಎಂದು ಅವರು ತಕರಾರು ತೆಗೆಯಬಹುದು. ನಾನು ನಾಲ್ಕೂ ಬೋಲ್ಟುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಒಳಗಿನ ಕಪಾಟಿಗೆ ಅಂಟಿಸಿದ್ದೆ. ಹುಬ್ಬಳ್ಳಿಯಲ್ಲಿ ಲಾರಿಯವರು ಅವನ್ನು ಎಣಿಸಿಕೊಂಡು, 29 ಕಿಲೋ ಎಂದು ತೂಕ ಬರೆದು ರಸೀದಿ ಕೊಟ್ಟರು.