ಲ್ಯಾಬ್ ಮೀಟಿಂಗ್‌ನಲ್ಲಿ ಸುಮ್ಮನೆ ಕೂರುವ ಹುಡುಗಿ

*ಪ್ರಶ್ನೆ: ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಸಹಾಯಕ ಪ್ರಾಧ್ಯಾಪಕ. ನನ್ನ ಲ್ಯಾಬ್‌ನಲ್ಲಿ ನಾಲ್ವರು ಪಿಎಚ್‌ಡಿ ಮಾಡುತ್ತಿದ್ದಾರೆ. ಇಬ್ಬರು ಬೆಂಗಳೂರಿನವರು, ಒಬ್ಬ ಮಣಿಪುರದವನು, ಇನ್ನೊಬ್ಬಳು ರಾಯಚೂರು ಕಡೆಯ ಹಳ್ಳಿಯಿಂದ ಬಂದವಳು, ಕನ್ನಡ ಮೀಡಿಯಂ. ಪ್ರಯೋಗದ ಬೆಂಚಿನಲ್ಲಿ ಅವಳ ಕೈ ಬಹಳ ಚುರುಕು. ಆದರೆ ಲ್ಯಾಬ್ ಮೀಟಿಂಗ್‌ನಲ್ಲಿ ಬಾಯೇ ಬಿಡುವುದಿಲ್ಲ. ಇಲ್ಲಿ ಎಲ್ಲರೂ ಸಮಾನ, ಯಾರು ಬೇಕಾದರೂ ಮಾತಾಡಬಹುದು ಅಂತ ಎಷ್ಟೋ ಸಲ ಹೇಳಿದ್ದೇನೆ. ಮೀಟಿಂಗನ್ನು ಕನ್ನಡದಲ್ಲೇ ಮಾಡಿಬಿಡಲೇ?*

ಯಾರು ಬೇಕಾದರೂ ಮಾತಾಡಬಹುದು ಅಂದರೆ, ಮೊದಲಿಂದ ಮಾತಾಡುತ್ತಿದ್ದವರೇ ಮಾತಾಡುತ್ತಾರೆ. ಬಾಗಿಲು ತೆಗೆದಿಟ್ಟಿದ್ದೇನೆ ಅಂತ ನಿಮಗೆ ಅನಿಸುತ್ತದೆ. ಒಳಗೆ ಬಂದ ಮೇಲೆ ಎಲ್ಲಿ ಕೂರಬೇಕು ಅನ್ನುವುದು ಅವಳಿಗೆ ಗೊತ್ತಿಲ್ಲ.

ನಾನೂ ಕನ್ನಡ ಮೀಡಿಯಂನಿಂದ ಬಂದದ್ದು. ಪಿಎಚ್‌ಡಿ ಸೇರಿದ ವರ್ಷ ಒಂದು ಕ್ವಾರ್ಟ್ಜ್ ಕ್ಯುವೆಟ್, ಅಂದರೆ ದ್ರಾವಣ ತುಂಬಿ ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ, ಒಡೆದೆ. ಅತಿನೇರಳೆ ಬೆಳಕಿನಲ್ಲಿ ಅಳತೆ ಮಾಡಲು ಮಾಮೂಲಿ ಗಾಜು ನಡೆಯುವುದಿಲ್ಲ, ಅದು ಆ ಬೆಳಕನ್ನೇ ನುಂಗಿಬಿಡುತ್ತದೆ. ಕ್ವಾರ್ಟ್ಜೇ ಬೇಕು, ಅದು ದುಬಾರಿ. ಚೂರುಗಳನ್ನು ಟಿಶ್ಯೂನಲ್ಲಿ ಸುತ್ತಿ ಡ್ರಾಯರ್‌ನಲ್ಲಿಟ್ಟು ಎರಡು ವಾರ ನಿದ್ದೆಗೆಟ್ಟೆ. ಅದೇ ತಿಂಗಳು ಪಕ್ಕದ ಬೆಂಚಿನವನು ಇನ್ನೊಂದು ಒಡೆದ. ನೇರ ಸರ್ ರೂಮಿಗೆ ಹೋಗಿ, 'ಸಾರಿ ಸರ್, ಒಡೆದೋಯ್ತು, ಇನ್ನೊಂದು ತರಿಸ್ಬೇಕು' ಅಂದ. ಅವರು 'ಹೂಂ' ಅಂದರು. ಅಷ್ಟೇ! ಅವನ ಅಪ್ಪ ಕಾಲೇಜು ಮೇಷ್ಟರು. ಲ್ಯಾಬ್‌ನಲ್ಲಿ ಗಾಜು ಒಡೆಯುವುದು ಮಾಮೂಲಿ ಅಂತ ಅವನು ಮನೆಯಲ್ಲೇ ಕಲಿತು ಬಂದಿದ್ದ. ನನ್ನ ಮನೆಯಲ್ಲಿ ಒಂದು ಲೋಟ ಒಡೆದರೂ ಲೆಕ್ಕ ಕೊಡಬೇಕಿತ್ತು.

ನಿಮ್ಮ ರಾಯಚೂರಿನ ಹುಡುಗಿಗೂ ಇಂಥ ಹತ್ತಾರು ಸಂಗತಿಗಳನ್ನು ಯಾರೂ ಹೇಳಿರುವುದಿಲ್ಲ. ಗೈಡ್ ಹೇಳಿದ್ದು ತಪ್ಪು ಅನಿಸಿದರೆ ಎದುರು ಹೇಳಬಹುದಾ? ಪ್ರಯೋಗ ಮೂರು ಸಲ ಕೈಕೊಟ್ಟರೆ ತೋರಿಸಬೇಕಾ, ಮುಚ್ಚಿಡಬೇಕಾ? ಪೇಪರ್‌ನಲ್ಲಿ ಮೊದಲ ಹೆಸರು ಯಾರದ್ದು, ಅದನ್ನು ಯಾವಾಗ ಕೇಳಬೇಕು? ರಜೆ ಕೇಳಿದರೆ ಸೋಮಾರಿ ಅಂದುಕೊಳ್ಳುತ್ತಾರಾ? ಇವನ್ನೆಲ್ಲ ಎರಡು ಪುಟದಲ್ಲಿ ಬರೆದು, ಹೊಸಬರು ಸೇರಿದ ದಿನವೇ ಕೈಗೆ ಕೊಡಿ. ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಇರಲಿ. ಒಡೆದದ್ದನ್ನು ಅದೇ ದಿನ ಹೇಳಿ, ದುಡ್ಡು ಕೇಳುವುದಿಲ್ಲ ಅನ್ನುವುದು ಮೊದಲ ಸಾಲಾಗಲಿ.

ದುಡ್ಡಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಗದದ ಮೇಲೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, 2023ರ ಪರಿಷ್ಕರಣೆಯ ಪ್ರಕಾರ. ಅದು ಕೈಗೆ ಬರುವುದು ತಿಂಗಳುಗಟ್ಟಲೆ ತಡವಾಗುವುದೂ ಉಂಟು. ಫೆಲೋಶಿಪ್ಪೇ ಇಲ್ಲದವರೂ ಬೇಕಾದಷ್ಟಿದ್ದಾರೆ. ಅಂಥವರಿಗೆ ನಾವು, 'ಕಾನ್ಫರೆನ್ಸ್ ಫೀಸ್ ನೀನೇ ಕಟ್ಟು, ಆಮೇಲೆ ಬಿಲ್ ಹಾಕು' ಅನ್ನುತ್ತೇವೆ. ಮನೆಯಲ್ಲಿ ದುಡ್ಡಿರುವವರು ಹೋಗಿಬರುತ್ತಾರೆ. ಇಲ್ಲದವರು 'ಈ ಸಲ ಇಂಟರೆಸ್ಟ್ ಇಲ್ಲ ಸರ್' ಅನ್ನುತ್ತಾರೆ. ನಾವು ಅದನ್ನೇ ನಂಬಿ, ಈ ಮಗುವಿಗೆ ಆಸಕ್ತಿ ಕಡಿಮೆ ಅಂತ ತೀರ್ಮಾನ ಮಾಡುತ್ತೇವೆ. ಕಂಟಿಂಜೆನ್ಸಿಯಿಂದ, ಅಂದರೆ ಸಂಶೋಧನೆಯ ಇತರ ಖರ್ಚಿಗೆ ಇಟ್ಟ ಹಣದಿಂದ, ಅಡ್ವಾನ್ಸ್ ಕೊಡಿಸಲು ಓಡಾಡುವ ಕೆಲಸ ನಿಮ್ಮದು, ಅವಳದ್ದಲ್ಲ.

ಇನ್ನು ಮೀಟಿಂಗ್. ಪೂರ್ತಿ ಕನ್ನಡ ಮಾಡಿದರೆ ಮಣಿಪುರದ ಹುಡುಗ ಸುಮ್ಮನಾಗುತ್ತಾನೆ. ಮೌನ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಯಿತು, ಅಷ್ಟೇ ಅಲ್ವಾ? ಸ್ಲೈಡ್ ಇಂಗ್ಲಿಷಿನಲ್ಲಿರಲಿ. ಮಾತು ಯಾವ ಭಾಷೆಯಲ್ಲಾದರೂ ಬರಲಿ, ಆದರೆ ಅರ್ಥವಾಗದವರಿಗೆ ಅಲ್ಲೇ ಒಂದು ಸಾಲು ತಿಳಿಸಿಯೇ ಮುಂದೆ ಹೋಗಬೇಕು. ಯಾವ ಗ್ರಾಫ್ ಬಗ್ಗೆ ಚರ್ಚೆ ಅನ್ನುವುದನ್ನು ಹಿಂದಿನ ದಿನವೇ ಕಳಿಸಿ. ಆಗ ಅವಳು ಪ್ರಶ್ನೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬರುತ್ತಾಳೆ. ಹೊಸಬರು ಮೊದಲು ಮಾತಾಡಲಿ, ನೀವು ಕೊನೆಗೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಐದಕ್ಕೇ ನಿಮಗೆ ಚಡಪಡಿಕೆ ಶುರುವಾಗುತ್ತದೆ, ತಡೆದುಕೊಳ್ಳಿ. ಯುಜಿಸಿಯ 2022ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ನಾಲ್ವರಿಗಿಂತ ಜಾಸ್ತಿ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ನಾಲ್ವರೇ ತಾನೇ? ವಾರಕ್ಕೆ ಅರ್ಧ ಗಂಟೆ ಒಬ್ಬೊಬ್ಬರ ಜೊತೆ ಅವರ ನೋಟ್‌ಬುಕ್ ತೆರೆದು ಕೂರಿ. ನಿಮ್ಮ ರೂಮಿನಲ್ಲಿ ಬೇಡ, ಅವರ ಬೆಂಚಿನ ಹತ್ತಿರ.

ಇನ್ನೊಂದನ್ನು ಗಮನಿಸಿ. ಹೊಸಬರು ಬಂದಾಗ ಹಳಬರು ಕೇಳುವ 'ನಿನ್ನ ರ್‍ಯಾಂಕ್ ಎಷ್ಟು?' ಅನ್ನುವ ಪ್ರಶ್ನೆ. ಅದು ಜಾತಿ ಕೇಳುವ ಇನ್ನೊಂದು ದಾರಿ ಅಂತ ಕೇಳುವವನಿಗೂ ಗೊತ್ತು, ಉತ್ತರ ಹೇಳುವವಳಿಗೂ ಗೊತ್ತು. ನೀವು ಕೇಳಿಸಿಕೊಂಡೂ ಸುಮ್ಮನಿದ್ದರೆ ಅದೂ ಒಂದು ಉತ್ತರವೇ. ಅಲ್ಲೇ, ಎಲ್ಲರ ಎದುರು ನಿಲ್ಲಿಸಿ.

ಅಂದ ಹಾಗೆ, ನಿಮ್ಮ ಲ್ಯಾಬ್‌ನಲ್ಲಿ ಆಯುಧ ಪೂಜೆ ಮಾಡುತ್ತೀರಾ? ಸೆಂಟ್ರಿಫ್ಯೂಜ್ ಮುಂದೆ ರಂಗೋಲಿ ಹಾಕಿದ್ದು ಯಾರು, ಕಡಲೆಪುರಿ ಹಂಚಿದ್ದು ಯಾರು, ತಟ್ಟೆ ತೊಳೆದದ್ದು ಯಾರು ಅಂತ ಒಂದು ಸಲ ನೆನಪಿಸಿಕೊಳ್ಳಿ. ಎಲ್ಲ ಹುಡುಗಿಯರೇ ಆಗಿದ್ದರೆ, ಫ್ಲಾಸ್ಕ್ ತೊಳೆಯುವುದು, ಆಟೋಕ್ಲೇವ್ ಹಾಕುವುದು, ಕೆಮಿಕಲ್ ಲೆಕ್ಕ ಬರೆಯುವುದು ಯಾರ ಪಾಲಿಗೆ ಬರುತ್ತಿದೆ ಅಂತಲೂ ನೋಡಿ. ಈ ಕೆಲಸಗಳಿಗೆ ಪೇಪರ್‌ನಲ್ಲಿ ಹೆಸರು ಬರುವುದಿಲ್ಲ. ಗೋಡೆ ಮೇಲೆ ಪಾಳಿ ಪಟ್ಟಿ ಹಾಕಿ, ಅದರಲ್ಲಿ ನಿಮ್ಮ ಹೆಸರೂ ಇರಲಿ.

*ಪ್ರಶ್ನೆ: ಪಿಎಚ್‌ಡಿ ಮೂರನೇ ವರ್ಷ. ಈಗ ಎರಡು ತಿಂಗಳ ಬಸುರಿ. ಗೈಡ್‌ಗೆ ಇನ್ನೂ ಹೇಳಿಲ್ಲ. 'ಮದುವೆಯಾದ ಹುಡುಗಿಯರನ್ನ ತಗೊಂಡ್ರೆ ಇದೇ ಗೋಳು' ಅಂತ ಲ್ಯಾಬ್‌ನ ಸೀನಿಯರ್ ಒಬ್ಬರು ಹಿಂದೆ ಅಂದಿದ್ದರು. ರಜೆ ಹಾಕಿದರೆ ರಿಜಿಸ್ಟ್ರೇಷನ್ ಹೋಗುತ್ತಾ?*

ಹೋಗುವುದಿಲ್ಲ. ಮೇಲೆ ಹೇಳಿದ 2022ರ ನಿಯಮದಲ್ಲೇ ಇದೆ: ಪಿಎಚ್‌ಡಿಯ ಇಡೀ ಅವಧಿಯಲ್ಲಿ ಮಹಿಳೆಯರಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆ. ಮುಗಿಸುವ ಗಡುವಿನಲ್ಲೂ ಮಹಿಳೆಯರಿಗೆ ಎರಡು ವರ್ಷ ಹೆಚ್ಚುವರಿ ಸಡಿಲಿಕೆ ಇದೆ. ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಬಾಯಿಮಾತಿನ 'ಆಯ್ತು ಬಿಡಮ್ಮ' ಸಾಲದು.

ಆದರೆ ಗೈಡ್‌ಗೆ ಹೇಳುವುದನ್ನು ಮಾತ್ರ ಮುಂದೆ ಹಾಕಬೇಡಿ. ರಜೆಗಿಂತ ಅರ್ಜೆಂಟಾದ ಕಾರಣ ನಿಮ್ಮ ಬೆಂಚಿನ ಮೇಲೇ ಇರಬಹುದು. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯವಾಗಬಹುದಾದ ವಸ್ತುಗಳು: ಅಕ್ರಿಲಮೈಡ್, ಫಾರ್ಮಾಲ್ಡಿಹೈಡ್, ಎಥಿಡಿಯಂ ಬ್ರೋಮೈಡ್, ಸಾಲ್ವೆಂಟ್‌ಗಳು, ರೇಡಿಯೋಐಸೋಟೋಪ್. ಇವುಗಳಲ್ಲಿ ಯಾವುದನ್ನು ಮುಟ್ಟುತ್ತೀರೋ ಪಟ್ಟಿ ಮಾಡಿ ನಿಮ್ಮ ಡಾಕ್ಟರಿಗೂ ಗೈಡ್‌ಗೂ ತೋರಿಸಿ. ಆ ಕೆಲಸ ಬೇರೆಯವರು ಮಾಡಲಿ, ನೀವು ಡೇಟಾ ನೋಡುವುದು, ಬರೆಯುವುದು ಮುಂದುವರಿಸಿ.

ಸೀನಿಯರ್ ಮಾತು ಹಳೆಯದು, ಬಹಳ ಹಳೆಯದು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ಆಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದಿದ್ದರು. ಅಪ್ಪ ಅದೇ ಸಂಸ್ಥೆಯಲ್ಲಿ ಓದಿದವರು, ಆದರೂ ಬೇಡ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಅಂತ ಹೆಸರಾದ ಬಯೋಕೆಮಿಸ್ಟ್ ಅವರೇ, 1939ರಲ್ಲಿ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದವರು. ಈ ಕಥೆಯಲ್ಲಿ ಎಲ್ಲರೂ ರಾಮನ್ ಅವರ ಬಗ್ಗೆಯೇ ಮಾತಾಡುತ್ತಾರೆ. ನನಗೆ ಮುಖ್ಯ ಅನಿಸುವವರು ಒಳಗಿದ್ದ ಎಂ. ಶ್ರೀನಿವಾಸಯ್ಯ. ಬಾಗಿಲು ಅರೆಮನಸ್ಸಿನಿಂದ ತೆರೆದ ಮೇಲೆ ಆಕೆಗೆ ಲ್ಯಾಬ್‌ನಲ್ಲಿ ಕೆಲಸ ಕಲಿಸಿದವರು ಅವರು. ಶಿಸ್ತಿನ ಮೇಷ್ಟರು, ಕಲಿಸುವುದರಲ್ಲಿ ಜಿಪುಣತನ ಇರಲಿಲ್ಲ. ನಿಮ್ಮ ವಿಭಾಗದಲ್ಲೂ ಅಂಥ ಒಬ್ಬರು ಇರುತ್ತಾರೆ. ಗೈಡೇ ಆಗಬೇಕು ಅಂತಿಲ್ಲ. ಮೊದಲು ಅವರ ಹತ್ತಿರ ಮಾತಾಡಿ, ಬೇಕಾದರೆ ಗೈಡ್ ರೂಮಿಗೆ ಅವರನ್ನೂ ಕರೆದುಕೊಂಡು ಹೋಗಿ.

*ಪ್ರಶ್ನೆ: ಹೊಸ ವಿದ್ಯಾರ್ಥಿಗೆ ಬಣ್ಣಗುರುಡು, ಕೆಂಪು-ಹಸಿರು ಗೊತ್ತಾಗುವುದಿಲ್ಲವಂತೆ. ಮೈಕ್ರೋಸ್ಕೋಪ್ ಕೆಲಸ ಕೊಡಬಹುದಾ?*

ಧಾರಾಳವಾಗಿ ಕೊಡಿ. ಫ್ಲೋರೆಸೆನ್ಸ್ ಚಿತ್ರದ (ಹೊಳೆಯುವ ಬಣ್ಣದ್ರವ್ಯ ಹಾಕಿ ತೆಗೆದದ್ದು) ಕೆಂಪು-ಹಸಿರು ಬಣ್ಣ ಕಂಪ್ಯೂಟರ್ ಬಳಿದದ್ದು. ಕ್ಯಾಮೆರಾ ಸಾಮಾನ್ಯವಾಗಿ ಹಿಡಿಯುವುದು ಕಪ್ಪು-ಬಿಳುಪನ್ನೇ. ಕೆಂಪಿನ ಜಾಗಕ್ಕೆ ಮಜೆಂಟಾ ಹಾಕಿ, ಒಂದೊಂದು ಬಣ್ಣದ ಚಾನೆಲ್ಲನ್ನೂ ಕಪ್ಪು-ಬಿಳುಪಿನಲ್ಲಿ ಪಕ್ಕಪಕ್ಕ ತೋರಿಸಿ. ಗ್ರಾಫ್‌ನಲ್ಲಿ ಗೆರೆಗಳಿಗೆ ಬಣ್ಣದ ಜೊತೆ ಬೇರೆ ಬೇರೆ ಗುರುತೂ ಇರಲಿ. ಆಮ್ಲೀಯತೆಯನ್ನು ಬಣ್ಣದಲ್ಲಿ ತೋರಿಸುವ ಪಿಎಚ್ ಪೇಪರ್ ಬದಲು ಮೀಟರ್ ಬಳಸಲಿ. ಟ್ಯೂಬ್‌ಗಳಿಗೆ ಬಣ್ಣದ ಚುಕ್ಕೆ ಇಡುವ ಅಭ್ಯಾಸ ಬಿಟ್ಟು ಹೆಸರು ಬರೆಯಿರಿ. ಇಷ್ಟು ಮಾಡಿದರೆ ಪ್ರಿಂಟರ್‌ನಲ್ಲಿ ಬಣ್ಣದ ಇಂಕ್ ಮುಗಿದ ದಿನವೂ ನಿಮ್ಮ ಲ್ಯಾಬ್‌ನ ಗ್ರಾಫ್ ಎಲ್ಲರಿಗೂ ಅರ್ಥವಾಗುತ್ತದೆ. ಮುಂದಿನ ಪೇಪರ್ ಕಳಿಸುವ ಮುಂಚೆ ಚಿತ್ರಗಳನ್ನೆಲ್ಲ ಒಮ್ಮೆ ಅವನಿಗೇ ತೋರಿಸಿ.