ಏಟು ಬಿದ್ದದ್ದು ಕೆನ್ನೆಗೆ, ನಡುಗುತ್ತಿರೋದು ಕೈ

ಪ್ರಶ್ನೆ: ಮೇಡಂ, ನಾನು ತಾಲ್ಲೂಕು ಆಸ್ಪತ್ರೆಯ ಕ್ಯಾಷುಯಾಲ್ಟಿಯಲ್ಲಿ ಸ್ಟಾಫ್ ನರ್ಸ್. ಹೋದ ತಿಂಗಳು ನೈಟ್ ಡ್ಯೂಟಿಯಲ್ಲಿದ್ದಾಗ ಬೈಕ್ ಆಕ್ಸಿಡೆಂಟ್ ಆದ ಹುಡುಗನನ್ನು ತಂದರು. ಡಾಕ್ಟರ್ ಹೆರಿಗೆ ವಾರ್ಡಿನಲ್ಲಿದ್ದರು. ನಾನು ಡ್ರಿಪ್ ಹಾಕುತ್ತಿದ್ದೆ. "ಡಾಕ್ಟರ್ ಎಲ್ಲಿ?" ಅಂತ ಕೂಗುತ್ತಾ ಹುಡುಗನ ಮಾವ ನನ್ನ ಕೆನ್ನೆಗೆ ಹೊಡೆದರು. ಹುಡುಗ ಉಳಿದ. ಮರುದಿನ ಊರ ಹಿರಿಯರು ಬಂದು ರಾಜಿ ಮಾಡಿಸಿದರು. "ದೊಡ್ಡದು ಮಾಡಬೇಡಿ ಸಿಸ್ಟರ್" ಅಂತ ನಮ್ಮ ಮೇಲಿನವರೂ ಅಂದರು. ಈಗ ನಾಲ್ಕು ಜನ ಒಟ್ಟಿಗೆ ಒಳಗೆ ನುಗ್ಗಿದರೆ ಕೈ ನಡುಗುತ್ತೆ, ನರ ಸಿಗಲ್ಲ. ಸ್ವಲ್ಪ ಸೀರಿಯಸ್ ಅನ್ನಿಸಿದರೂ ಜಿಲ್ಲಾಸ್ಪತ್ರೆಗೆ ಕಳಿಸಿಬಿಡೋಣ ಅಂತ ಡಾಕ್ಟರಿಗೆ ನಾನೇ ಹೇಳುತ್ತೇನೆ. ಮನೆಯವರು ಕೆಲಸ ಬಿಡು ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸಿಸ್ಟರ್, ಕುಡಿದು ಜಗಳವಾಡಿ ತಲೆ ಒಡೆದುಕೊಂಡು ಬಂದವನಿಗೂ ನೀವು ಎಂಎಲ್‌ಸಿ ಮಾಡಿಸುತ್ತೀರಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ರಿಜಿಸ್ಟರಿನಲ್ಲಿ ಬರೆಸುತ್ತೀರಿ. ನಿಮ್ಮ ಕೆನ್ನೆಯ ಏಟು ಆ ರಿಜಿಸ್ಟರಿನಲ್ಲಿ ಇದೆಯಾ? ಇರಲಿಕ್ಕಿಲ್ಲ. ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಿಯಾಗುವವರೆಗೂ ನಾನು ಕಂಡದ್ದು ಇದನ್ನೇ. ಊರಿಗೆಲ್ಲಾ ಬರೆಯುತ್ತೇವೆ, ನಮಗೆ ಬರೆದುಕೊಳ್ಳುವುದಿಲ್ಲ.

ಆಸ್ಪತ್ರೆಯವರ ಮೇಲಿನ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರ ಕಾಯ್ದೆಯೇ ಇದೆ. ಅದು ಡಾಕ್ಟರಿಗಷ್ಟೇ ಅಂತ ತುಂಬ ಜನ ತಿಳಿದಿದ್ದಾರೆ. ನರ್ಸ್‌ಗಳಿಗೂ, ನರ್ಸಿಂಗ್ ಓದುವ ಮಕ್ಕಳಿಗೂ ಅನ್ವಯಿಸುತ್ತೆ. ಹಲ್ಲೆ ಮಾಡಿದರೆ ಜಾಮೀನುರಹಿತ ಕೇಸು. 2024ರಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ಯುವ ವೈದ್ಯೆಯ ಅತ್ಯಾಚಾರ, ಕೊಲೆಯ ಆ ಘೋರ ನಡೆದ ಮೇಲೆ ಕೇಂದ್ರ ತನ್ನ ಆಸ್ಪತ್ರೆಗಳಿಗೆ ಒಂದು ಸೂಚನೆ ಕಳಿಸಿತು. ಡ್ಯೂಟಿಯಲ್ಲಿದ್ದವರ ಮೇಲೆ ಕೈ ಮಾಡಿದರೆ 6 ಗಂಟೆಯೊಳಗೆ ಸಂಸ್ಥೆಯ ಕಡೆಯಿಂದ ಎಫ್‌ಐಆರ್ ಆಗಬೇಕು, ಅದಕ್ಕೆ ಮುಖ್ಯಸ್ಥರೇ ಹೊಣೆ ಅಂತ. ಆ ಪತ್ರ ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬರೆದದ್ದಲ್ಲ, ನಿಜ. ಆದರೆ ನಿಮ್ಮ ಸಾಹೇಬರಿಗೆ ಅದನ್ನು ತೋರಿಸಬಹುದು. ದೂರು ಆಸ್ಪತ್ರೆ ಕೊಟ್ಟರೆ ಊರವರು ರಾಜಿಗೆ ಬಂದು ಕೂರುವುದು ಸಾಹೇಬರ ಮುಂದೆ, ನಿಮ್ಮ ಮುಂದಲ್ಲ.

ಇನ್ನು ಜಿಲ್ಲಾಸ್ಪತ್ರೆಗೆ ಕಳಿಸುವ ಮಾತು. ನನ್ನನ್ನು ಜಾಸ್ತಿ ಕಾಡಿದ್ದು ಆ ಸಾಲೇ. ನಾಳೆ ನಾಗರಹಾವು ಕಡಿದವರನ್ನು ತರುತ್ತಾರೆ ಅಂದುಕೊಳ್ಳಿ. ವಿಷಕ್ಕೆ ಇಂಜೆಕ್ಷನ್ ನಿಮ್ಮ ಫ್ರಿಜ್ಜಿನಲ್ಲೇ ಇದೆ. ಶುರು ಮಾಡದೆ 108ಕ್ಕೆ ಹತ್ತಿಸಿದರೆ ದಾರಿಯಲ್ಲೇ ಉಸಿರು ನಿಲ್ಲಬಹುದು. ಹೊಡೆದವನು ಒಬ್ಬ, ಬೆಲೆ ತೆರುವವರು ಯಾರೋ. ಹೆದರಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ, ಯಾರಾದರೂ ಹೆದರುತ್ತಾರೆ. ಕಳಿಸಿ ಅನ್ನುವ ಮೊದಲು 'ಇಲ್ಲಿ ಏನು ಇಲ್ಲ?' ಅಂತ ಕೇಳಿಕೊಳ್ಳಿ. ರಕ್ತ ಇಲ್ಲ, ಸ್ಕ್ಯಾನ್ ಇಲ್ಲ, ಸರ್ಜನ್ ಇಲ್ಲ, ಹೀಗೆ ಏನಾದರೂ ಸಿಕ್ಕರೆ ಕಳಿಸಿ. ಏನೂ ಸಿಗದಿದ್ದರೆ ನೀವು ಕಳಿಸುತ್ತಿರುವುದು ಬಾಗಿಲಲ್ಲಿ ನಿಂತ ಜನರನ್ನು.

ರೋಗಿಯ ಜೊತೆ ಒಳಗೆ ಒಬ್ಬರೇ ಇರಲಿ. ಬಾಗಿಲಿಗೆ ಗ್ರೂಪ್ ಡಿ ಅಣ್ಣನನ್ನು ನಿಲ್ಲಿಸಿ. ಮಂಚದ ಗೋಡೆ ಬದಿಗೆ ನಿಂತು ಡ್ರಿಪ್ ಹಾಕಬೇಡಿ, ಮೂಲೆಗೆ ಸಿಕ್ಕಿಕೊಳ್ಳುತ್ತೀರಿ. ಕೈ ಕೆಲಸ ಮಾಡುತ್ತಿರುವಾಗಲೇ ಬಾಯಲ್ಲಿ ಹೇಳುತ್ತಿರಿ: "ಬಿ.ಪಿ. ಇಷ್ಟಿದೆ, ಡಾಕ್ಟರಿಗೆ ಫೋನ್ ಮಾಡಿದ್ದೀವಿ, ಹೆರಿಗೆ ಮುಗಿಸಿ ಬರ್ತಾರೆ." ಯಾರೂ ಏನೂ ಹೇಳದಿದ್ದಾಗಲೇ ಜನ ಕೆರಳೋದು. ನೀವು ಮಾತಾಡಿದ್ದರೆ ಏಟು ತಪ್ಪುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ರಾತ್ರಿಗೆ ಒಬ್ಬರೇ ಡಾಕ್ಟರನ್ನು ಇಟ್ಟರೆ ಇದು ಆಗುತ್ತಲೇ ಇರುತ್ತೆ.

ಕೈ ನಡುಕ ತಿಂಗಳಾದರೂ ಹೋಗಿಲ್ಲ ಅಂದ ಮೇಲೆ ಸುಮ್ನೆ ಇರಬೇಡಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಅಲ್ಲಿ ಪರಿಚಯದವರು ಸಿಗುತ್ತಾರೆ ಅನ್ನುವ ಸಂಕೋಚವಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಸದ್ಯಕ್ಕೆ ಕ್ಯಾಷುಯಾಲ್ಟಿ ಬದಲು ವಾರ್ಡ್ ಡ್ಯೂಟಿ ಕೇಳಿ. ಕೆಲಸ ಬಿಡುವ ಮಾತು ಆಮೇಲೆ. ಸರ್ಕಾರಿ ನೌಕರಿ ಬಿಡೋದು ಒಂದು ಸಹಿ, ಮತ್ತೆ ಸಿಗೋದು ಎಷ್ಟು ಕಷ್ಟ ಅಂತ ಮನೆಯವರಿಗೂ ಗೊತ್ತಲ್ವಾ?

ಘಟನೆಯನ್ನು ಈಗಲಾದರೂ ಬರೆದು ಕೊಡಿ. ದಿನ, ಹೊತ್ತು, ಯಾರು ನೋಡಿದರು, ಇಷ್ಟು ದಿನ ಯಾಕೆ ತಡವಾಯಿತು, ಎಲ್ಲಾ ಇರಲಿ. ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಗೆ ಆಫೀಸಿನ ಸೀಲು ಬೀಳುವ ತನಕ ಅಲ್ಲಿಂದ ಏಳಬೇಡಿ.