ಶಾಲೆಯಲ್ಲಿ ಮಕ್ಕಳು, ಶಿಕ್ಷಕರ ಕೋವಿಡ್ ಸೋಂಕಿನ ಮೇಲೆ ನಿಗಾ ಇಡಲು ಯಾವ ಥರ್ಮಲ್ ಸ್ಕ್ಯಾನರ್ ಒಳ್ಳೆಯದು?

ಯಾವುದನ್ನೂ ಕೊಳ್ಳಬೇಡಿ. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಅಂತ 2025ರ ಮೇ ಕೊನೆಯಲ್ಲಿ ಕರ್ನಾಟಕ ಸರ್ಕಾರದ ಸುತ್ತೋಲೆ ಬಂದ ಮೇಲೆ ಈ ಜವಾಬ್ದಾರಿ ನಿಮಗೆ ಬಂತು ಅಂದಿದ್ದೀರಿ. 2021ರಲ್ಲಿ ನಮ್ಮ ಹೈಸ್ಕೂಲಿನಲ್ಲಿ ಇದೇ ಕೆಲಸ ನನ್ನ ಹೆಗಲಿಗೆ ಬಿದ್ದಿತ್ತು.

ಆ ವರ್ಷ ಆಗಸ್ಟ್ 23ಕ್ಕೆ, ಪಾಸಿಟಿವಿಟಿ (ಟೆಸ್ಟ್ ಮಾಡಿಸಿದವರಲ್ಲಿ ಸೋಂಕು ಕಂಡವರ ಪ್ರಮಾಣ) ಶೇ. 2ಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಲ್ಲಿ 9ರಿಂದ 12ನೇ ತರಗತಿ ಶುರುವಾದವು. ಪೋಷಕರ ಒಪ್ಪಿಗೆ ಪತ್ರ, ಮಾಸ್ಕ್, ಸ್ಯಾನಿಟೈಸರ್ ಎಲ್ಲ ಇತ್ತು. ನಾನು ಬೆಳಿಗ್ಗೆ ಗೇಟಿನಲ್ಲಿ ನಿಂತು ಒಬ್ಬೊಬ್ಬರ ಹಣೆಗೂ ಸ್ಕ್ಯಾನರ್ ಹಿಡಿದು ಪುಸ್ತಕದಲ್ಲಿ ಬರೆಯುತ್ತಿದ್ದೆ: ಹೆಸರು, ತರಗತಿ, ಉಷ್ಣಾಂಶ. ಮಳೆಯಲ್ಲಿ ನೆನೆದು ಬಂದವನ ಹಣೆ ತಣ್ಣಗೆ, ಸೈಕಲ್ ತುಳಿದು ಬಂದವನದು ಬಿಸಿ. ಮನೆಯಲ್ಲಿ ಪ್ಯಾರಾಸಿಟಮಾಲ್ ನುಂಗಿಸಿ ಕಳಿಸಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ. ಕೊರೊನಾ ಬಂದ ಎಷ್ಟೋ ಮಕ್ಕಳಿಗೆ ಜ್ವರವೇ ಇರುವುದಿಲ್ಲ, ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಇನ್ನೊಬ್ಬರಿಗೆ ದಾಟುತ್ತದೆ. ಪುಸ್ತಕ ಮಾತ್ರ ಅಚ್ಚುಕಟ್ಟಾಗಿ ತುಂಬಿತು.

ಎಡವಿದ್ದು ಇಲ್ಲೇ. ಆ ಪುಸ್ತಕದಲ್ಲಿ ಇದ್ದದ್ದು ಗೇಟು ದಾಟಿ ಒಳಗೆ ಬಂದವರು ಮಾತ್ರ. ಹುಷಾರಿಲ್ಲದ ಮಗು ಮನೆಯಲ್ಲಿತ್ತು. ಅದರ ಹೆಸರು ಕ್ಲಾಸ್ ಟೀಚರ್ ಹತ್ತಿರದ ಹಾಜರಿ ಪುಸ್ತಕದಲ್ಲಿ ‘ಗೈರು’ ಅಂತ ಇತ್ತು. ಎರಡೂ ಪುಸ್ತಕ ಒಂದೇ ಸ್ಟಾಫ್ ರೂಮಿನಲ್ಲಿದ್ದರೂ ಪಕ್ಕಪಕ್ಕ ಇಟ್ಟು ನೋಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಒಂಬತ್ತನೇ ತರಗತಿಯಲ್ಲಿ ಒಂದೇ ಟೆಂಪೋದಲ್ಲಿ ಬರುವ ಮಕ್ಕಳು ಒಬ್ಬರ ಹಿಂದೆ ಒಬ್ಬರು ಗೈರಾಗುತ್ತಾ ಹೋಗಿದ್ದರು. ಕೇಳಿದರೆ ಮನೆಯವರು ‘ಅಜ್ಜಿ ಊರಿಗೆ ಹೋಗಿದ್ದಾನೆ’ ಅನ್ನುತ್ತಿದ್ದರು. ಹಿಂದಿನ ವರ್ಷ ಬೀದಿ ಸೀಲ್ ಡೌನ್ ಆಗಿದ್ದನ್ನು ಕಂಡವರು, ನಿಜ ಹೇಳಲು ಹೆದರಿದ್ದರು. ಅಷ್ಟರಲ್ಲಿ ಆ ತರಗತಿಗೆ ಪಾಠ ಮಾಡುತ್ತಿದ್ದ ಗಣಿತದ ಮೇಷ್ಟ್ರಿಗೆ ಕೆಮ್ಮು ಶುರುವಾಯಿತು. ಪೋರ್ಷನ್ ಮುಗಿದಿಲ್ಲ, ಸಿಎಲ್ (ಸಾಂದರ್ಭಿಕ ರಜೆ) ಉಳಿದಿಲ್ಲ ಅಂತ ಅವರು ಬರುತ್ತಲೇ ಇದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿಸಿಕೊಂಡು ಮಲಗಬೇಕಾಯಿತು. ನನ್ನ ಪುಸ್ತಕದಲ್ಲಿ ಶಿಕ್ಷಕರಿಗೆ ಒಂದು ಪುಟವೂ ಇರಲಿಲ್ಲ. ಬದುಕಿ ಬಂದರು, ಆದರೆ ಮೆಟ್ಟಿಲು ಹತ್ತುವಾಗ ಅವರು ನಡುವೆ ನಿಲ್ಲುವುದನ್ನು ನೋಡಿದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2021ರ ಜೂನ್-ಜುಲೈನಲ್ಲಿ ದೇಶದಾದ್ಯಂತ ನಡೆಸಿದ ಸೀರೋ ಸಮೀಕ್ಷೆಯಲ್ಲಿ, ಅಂದರೆ ರಕ್ತ ಪರೀಕ್ಷೆಯ ಸಮೀಕ್ಷೆಯಲ್ಲಿ, 6ರಿಂದ 9 ವರ್ಷದ ಮಕ್ಕಳಲ್ಲಿ ಶೇ. 57.2, 10ರಿಂದ 17 ವರ್ಷದವರಲ್ಲಿ ಶೇ. 61.6 ಮಂದಿಗೆ ಪ್ರತಿಕಾಯ, ಅಂದರೆ ಮೊದಲೇ ಸೋಂಕು ತಗಲಿದ್ದರ ಗುರುತು, ಕಂಡಿತ್ತು. ಆಗ ಶಾಲೆಗಳು ಬಹುತೇಕ ಮುಚ್ಚಿದ್ದವು. ಅಂದರೆ ಹೆಚ್ಚಿನ ಮಕ್ಕಳಿಗೆ ಸೋಂಕು ತಗಲಿದ್ದು ಮನೆಯಲ್ಲಿ, ಓಣಿಯಲ್ಲಿ. ಗೇಟಿನಲ್ಲಿ ಹಿಡಿಯುತ್ತೇವೆ ಅನ್ನುವ ಲೆಕ್ಕವೇ ತಪ್ಪು.

ಹಾಗಾಗಿ ಹಾಜರಿ ಪುಸ್ತಕ ಹಿಡಿದುಕೊಳ್ಳಿ. ಮೊದಲ ಪೀರಿಯಡ್ ಮುಗಿದ ಕೂಡಲೇ ಗೈರಾದವರ ಮನೆಗೆ ಕ್ಲಾಸ್ ಟೀಚರೇ ಫೋನ್ ಮಾಡಲಿ, ಬೇರೆಯವರು ಬೇಡ. ‘ಕೊರೊನಾನಾ?’ ಅಂತ ಕೇಳಿದರೆ ಫೋನ್ ಇಟ್ಟುಬಿಡುತ್ತಾರೆ. ‘ಜ್ವರ ಇದೆಯಾ, ರಾತ್ರಿ ನಿದ್ದೆ ಮಾಡಿದನಾ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ’ ಅಂತ ಕೇಳಿದರೆ ತಾಯಂದಿರು ತಾವೇ ಹೇಳುತ್ತಾರೆ. ಕಾರಣದ ಪಕ್ಕದಲ್ಲಿ ಮಗು ಕೂರುವ ಬೆಂಚು, ಬರುವ ಆಟೋ ಅಥವಾ ಟೆಂಪೋ ಬರೆದಿಡಿ. ಒಂದೇ ಬೆಂಚು, ಒಂದೇ ವಾಹನ ಮತ್ತೆ ಮತ್ತೆ ಬಂದರೆ ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಟೆಸ್ಟ್ ಯಾರಿಗೆ ಬೇಕು ಅನ್ನುವುದನ್ನು ವೈದ್ಯರು ತೀರ್ಮಾನಿಸಲಿ. ಮಗುವಿನ ಹೆಸರನ್ನು ಪೋಷಕರ ವಾಟ್ಸಾಪ್ ಗ್ರೂಪಿಗೆ ಹಾಕಲೇಬೇಡಿ.

ಅದೇ ಪುಸ್ತಕದಲ್ಲಿ ಶಿಕ್ಷಕರು, ಬಿಸಿಯೂಟದ ಅಡುಗೆಯವರ ಹೆಸರೂ ಇರಲಿ. ಕೆಮ್ಮುವ ಶಿಕ್ಷಕರನ್ನು ಮನೆಗೆ ಕಳಿಸಿ ಅವರ ಪೀರಿಯಡ್ ಹಂಚಿಕೊಳ್ಳುವುದಕ್ಕೆ ಮುಖ್ಯ ಶಿಕ್ಷಕರಿಂದ ಈಗಲೇ ಒಪ್ಪಿಗೆ ಪಡೆಯಿರಿ. ಸ್ಕ್ಯಾನರಿಗೆ ಇಟ್ಟ ಹಣದಲ್ಲಿ ಕೆಟ್ಟ ಕಿಟಕಿಗಳನ್ನು ರಿಪೇರಿ ಮಾಡಿಸಿ, ತೆರೆದಿಡಿ. ನಿಮ್ಮಲ್ಲೂ ವರ್ಷವಿಡೀ ತಪ್ಪದೆ ಬಂದವರಿಗೆ ‘ಪೂರ್ಣ ಹಾಜರಿ’ ಬಹುಮಾನ ಕೊಡುವ ಪದ್ಧತಿ ಇದ್ದರೆ ಈ ವರ್ಷವೇ ನಿಲ್ಲಿಸಿ. ಅದರ ಆಸೆಗೆ ಮಕ್ಕಳು ಜ್ವರ ಮುಚ್ಚಿಟ್ಟುಕೊಂಡು ಬರುತ್ತಾರೆ.